ಹೆಗಲ ಮೇಲಿನ ಕೈ

ನಾಟಕಗಳಲ್ಲಿ ನಾಯಕನ ಗೆಳೆಯನಿಗೆ ಮನೆ ಇರುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಾಯಕನಿಗೆ ತಾಯಿ, ತಂಗಿ, ಪ್ರೇಯಸಿ, ವೈರಿ ಎಲ್ಲರೂ ಇರುತ್ತಾರೆ. ಗೆಳೆಯನಿಗೆ ಇರುವುದು ನಾಯಕ ಒಬ್ಬನೇ. ಅವನು ಊಟ ಮಾಡಿದನೇ ಎಂದು ಯಾರೂ ಕೇಳುವುದಿಲ್ಲ. ನಾಯಕ ಅತ್ತರೆ ಅಳಬೇಕು, ಹಾಡಿದರೆ ತಲೆದೂಗಬೇಕು, ಕೊನೆಯ ಅಂಕದಲ್ಲಿ ಅವನಿಗೆ ಬೀಳುವ ಗುಂಡಿಗೆ ತಾನು ಎದೆಯೊಡ್ಡಿ ಸಾಯಬೇಕು. ಸಾಯದಿದ್ದರೆ ಖಳನಾಯಕನ ಕಡೆ ಸೇರಬೇಕು. ಬೇರೆ ದಾರಿಯನ್ನು ನಾಟಕ ಬರೆಯುವವರು ಇಟ್ಟಿಲ್ಲ. ಬ್ಯಾಡಗಿಯ ನಮ್ಮ ಹವ್ಯಾಸಿ ಸಂಘದಲ್ಲಿ ನಾನು ವರ್ಷಾನುಗಟ್ಟಲೆ ಈ ಗೆಳೆಯನಾಗಿದ್ದೆ. ಎಷ್ಟು ಸಲ ಸತ್ತಿದ್ದೇನೆಂದರೆ, ರಾಣೆಬೆನ್ನೂರಿನಲ್ಲಿ ನಾನು ಕೆಲಸ ಮಾಡುವ ಬೀಜದ ಅಂಗಡಿಗೆ ಬಂದ ರೈತರು, "ಇವನ ನೋಡ್ರಿ, ಹ್ವಾದ ವರ್ಷ ಸತ್ತಾಂವ" ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು.

ನಾಯಕ ಯಾವಾಗಲೂ ಶೇಖಪ್ಪ. ನನ್ನ ಬಾಲ್ಯದ ಗೆಳೆಯ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವನು. ಎತ್ತರದ ಆಳು, ಗಂಟೆಯಂಥ ದನಿ. ರಂಗದ ಮೇಲೆ ಬಂದವನೇ ಬಲಗೈಯನ್ನು ನನ್ನ ಹೆಗಲ ಮೇಲೆ ಇಡುತ್ತಿದ್ದ. ಹಗುರಾಗಿ ಅಲ್ಲ, ಕಾಯಿ ತುಂಬಿದ ಚೀಲ ಇಳಿಸಿದಂತೆ. "ಕೈ ತಗಿಯೋ, ಹೆಗಲ ಬೀಳಾಕತ್ತೈತಿ" ಎಂದು ನಾನು ತುಟಿ ಅಲುಗಿಸದೆ ಹೇಳಿದರೆ, ಅವನೂ ತುಟಿ ಅಲುಗಿಸದೆ, "ಸುಮ್ನಿರಲೇ, ಪಾತ್ರ ಕೇಳತೈತಿ" ಎನ್ನುತ್ತಿದ್ದ. ಒಮ್ಮೆ ಪೇಟೆಯಿಂದ ನೇರವಾಗಿ ಬಂದು ಬಣ್ಣ ಹಚ್ಚಿಕೊಂಡವನು, ದುಃಖದ ದೃಶ್ಯದಲ್ಲಿ "ಅಳಬೇಡ ಮಿತ್ರಾ" ಎನ್ನುತ್ತ ಅದೇ ಕೈಯಿಂದ ನನ್ನ ಕಣ್ಣೊರೆಸಿಬಿಟ್ಟ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎನ್ನುವವರು ಅದನ್ನು ನಾಲಿಗೆಯಿಂದ ಮಾತ್ರ ಪರೀಕ್ಷಿಸಿದವರು. ನಾನು ಮುಂದಿನ ಮದುವೆಯ ದೃಶ್ಯದಲ್ಲೂ ಅತ್ತೆ, ಖಳನಾಯಕ ನಗುತ್ತ ಬಂದಾಗಲೂ ಅತ್ತೆ. ಜನ ಸಿಳ್ಳೆ ಹೊಡೆದರು. ಮರುದಿನ ಪೇಟೆಯಲ್ಲಿ ಹೊಗಳಿಕೆ ಮಾತ್ರ ಶೇಖಪ್ಪನಿಗೆ: "ಗೆಳ್ಯಾನ್ನ ಹೆಂಗ ಅಳಿಸಿದ ನೋಡ್ರಿ!"

ಒಂದೇ ಪಾತ್ರವನ್ನು ಅಷ್ಟು ವರ್ಷ ಮಾಡಿದ್ದರಿಂದ ಆ ಗೆಳೆಯನ ಮನಸ್ಸು ನನಗೆ ಚೆನ್ನಾಗಿ ತಿಳಿದಿದೆ ಎಂದುಕೊಂಡಿದ್ದೆ. "ನಿನಗಾಗಿ ಪ್ರಾಣ ಕೊಡುವೆ" ಎಂದು ಅವನು ಗಟ್ಟಿಯಾಗಿ ಹೇಳುವಾಗ, ಒಳಗೆ "ನನ್ನನ್ನು ಬಿಟ್ಟು ಹೋಗಬೇಡ" ಎಂಬ ಸಣ್ಣ ದನಿ ಇರುತ್ತದೆ. ನಾಯಕನಿಗೆ ಪ್ರೇಯಸಿ ಸಿಕ್ಕ ದಿನ ಎಲ್ಲರಿಗಿಂತ ಮೊದಲು ನಗುವವನು ಅವನೇ. ಇನ್ನು ಮೇಲೆ ಸಂಜೆ ಹೊತ್ತು ತಾನು ಎಲ್ಲಿಗೆ ಹೋಗುವುದು ಎಂದು ಯೋಚಿಸುವವನೂ ಅವನೇ. ಬಣ್ಣ ತೊಳೆದ ಮೇಲೂ ಇದು ನನ್ನ ಮೈಯಿಂದ ಪೂರ್ತಿ ಹೋಗುತ್ತಿರಲಿಲ್ಲ. ಒಂದು ವರ್ಷ, ನಮಗೆ ನಾಟಕ ಕಲಿಸುವ ಮಾಸ್ತರು ನಾಯಕನ ಪಾತ್ರವನ್ನು ನನಗೆ ಕೊಡೋಣ ಎಂದಾಗ, ಶೇಖಪ್ಪನೇ "ಬ್ಯಾಡ್ರಿ, ಅಂವ ಗೆಳ್ಯಾನ ಆಗಿರ್ಲಿ" ಎಂದನೆಂದು ಕೇಳಿ ನಾನು ಅವನೊಡನೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತೇ ಆಗಲಿಲ್ಲ. ನಾನು ಮೊದಲಿನಿಂದಲೂ ಕಡಿಮೆ ಮಾತಿನವನು.

ಈ ಸಲ ತಾಲೀಮು ಶುರುವಾದ ವಾರದಲ್ಲೇ ಶೇಖಪ್ಪ ತೀರಿಕೊಂಡ. ಬೆಳಿಗ್ಗೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವನು ಹಾಗೇ ಚೀಲಕ್ಕೆ ಒರಗಿದನಂತೆ. ಮಾಸ್ತರು ಫೋನು ಮಾಡಿ ಹೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: "ಸಾಯಾಂವ ನಾನಲ್ಲೇನ್ರಿ?" ನಾಯಕ ಸಾಯುವ ನಾಟಕವನ್ನು ನಾವು ಆಡಿರಲೇ ಇಲ್ಲ. ಮಣ್ಣು ಕೊಟ್ಟು ಬಂದ ಮೇಲೂ, ಯಾರೋ ಪರದೆ ಎಳೆಯುತ್ತಾರೆ, ಇವನು ಎದ್ದು ಮೈ ಕೊಡವಿಕೊಳ್ಳುತ್ತಾನೆ ಎಂದು ಕಾಯುತ್ತಿದ್ದೆ.

ಅವನ ನೆನಪಿಗೆ ಅದೇ ನಾಟಕವನ್ನು ಹಾವೇರಿಯಲ್ಲಿ ಆಡಬೇಕು, ನಾಯಕ ನಾನೇ ಆಗಬೇಕು ಎಂದು ಸಂಘದಲ್ಲಿ ನಿಶ್ಚಯವಾಯಿತು. ಅಷ್ಟು ದುಃಖದಲ್ಲೂ ನನ್ನೊಳಗೆ ಒಬ್ಬ ಎದ್ದು ನಿಂತು ಮೀಸೆ ತಿರುವಿದನೆಂದರೆ ನಂಬುತ್ತೀರಾ? ನಾಯಕನ ಉದ್ದ ಕೋಟು ಕೇಳಲು ಶೇಖಪ್ಪನ ಮನೆಗೆ ಹೋದೆ. ಅವನ ಹೆಂಡತಿ ನೀಲವ್ವ ಚಹಾ ಕೊಟ್ಟು, ಕೋಟು ತಂದು ನನ್ನ ಹೆಗಲಿಗೆ ಹಿಡಿದು ನೋಡಿದಳು.

"ನಿಮಗ ಹಿಮ್ಮಡದ ತನ ಬರತೈತ್ರಿ ಅಣ್ಣಾರ. ಇರ್ಲಿ ಬಿಡ್ರಿ, ಕಾಲು ನಡಗಿದ್ರ ಕಾಣಂಗಿಲ್ಲ."

"ಯಾರ ಕಾಲು ತಂಗೆವ್ವ?"

"ಇವರದ್ರಿ. ಸ್ಟೇಜ್ ಹತ್ತಿದ್ರ ಗಡಗಡ ನಡಗತಿದ್ವಲ್ರಿ, ಅದಕ್ಕ ಇಷ್ಟುದ್ದ ಹೊಲಿಸಿದ್ರು. ನಿಮ್ಮ ಹೆಗಲ ಹಿಡಕೊಂಡ ನಿಂದರತಿದ್ರು." ಅವಳು ನನ್ನ ಮುಖ ನೋಡಿದಳು. "ಅಯ್ಯ, ನಿಮಗ ಗೊತ್ತಿದ್ದಿಲ್ಲೇನ್ರಿ? 'ಅಂವ ಹೀರೋ ಆದ್ರ ನಾ ಯಾರ್ನ ಹಿಡಕೊಳ್ಳಲಿ? ಅಂವ ಬಿಟ್ಟು ಹ್ವಾದ್ರ ನಾನೂ ಬಣ್ಣ ಹಚ್ಚಂಗಿಲ್ಲ' ಅಂತ ಪ್ರತಿ ನಾಟಕಕ್ಕೂ ಅಂಜತಿದ್ರು."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಗಂಟೆಯಂಥ ದನಿಯವನು ಮನೆಗೆ ಬಂದು ನನ್ನ ಪಾತ್ರದ ಒಳಮಾತನ್ನೆಲ್ಲ ಹೇಳಿಕೊಳ್ಳುತ್ತಿದ್ದ. ಅಷ್ಟು ವರ್ಷ ಅವನ ಪಕ್ಕದಲ್ಲೇ ನಿಂತವನು ನಾನು. ಒಂದು ಸಲವಾದರೂ ಕೆಳಗೆ ನೋಡಿರಲಿಲ್ಲ. ನೀಲವ್ವ ಕೋಟಿನ ಗುಂಡಿಯನ್ನು ಹಾಕಿ ತೆಗೆದು, ಹಾಕಿ ತೆಗೆದು ಕುಳಿತಳು.

ಮೊನ್ನೆ ಮಧ್ಯಾಹ್ನ ಹಾವೇರಿಯಲ್ಲಿ ಕೋಟು ತೊಟ್ಟು ತಾಲೀಮಿಗೆ ನಿಂತೆ. ರಂಗದ ನಡುವೆ ನಿಲ್ಲುವುದೆಂದರೆ ಬಯಲಲ್ಲಿ ನಿಂತ ಹಾಗೆ, ಆತುಕೊಳ್ಳಲು ಏನೂ ಇಲ್ಲ. ಮೊದಲ ಮಾತಿಗೆ ಎಡಗಾಲು ಶುರುಮಾಡಿತು, ಎರಡನೆಯ ಮಾತಿಗೆ ಬಲಗಾಲು ಅದಕ್ಕೆ ಜೊತೆಯಾಯಿತು. ನನ್ನ ಕೈ ತಾನಾಗಿಯೇ ಹೋಗಿ ರಫೀಕನ ಹೆಗಲು ಹಿಡಿಯಿತು. ರಫೀಕ ಬಸ್ ಕಂಡಕ್ಟರು, ಈಗ ಗೆಳೆಯನ ಪಾತ್ರ ಅವನದು.

"ಅಣ್ಣಾರ, ಕೈ ತಗೀರಿ" ಎಂದ ಅವನು ತುಟಿ ಅಲುಗಿಸದೆ. "ಬಸ್ಸಿನ್ಯಾಗ ಮಂದಿ ಮೈಮ್ಯಾಲೆ ಬೀಳೋದು ಸಾಲದೇನ್ರಿ?"

"ಸುಮ್ನಿರೋ, ಪಾತ್ರ ಕೇಳತೈತಿ" ಎಂದೆ.

ಅವನ ಮುಖ ಊದಿಕೊಂಡಿತು. ಆ ಊದಿದ ಮುಖ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರು ಕೆಳಗಿನಿಂದ, "ರಫೀಕನ ದನಿ ಭಾಳ ಛಲೋ ಐತಿ. ಮುಂದಿನ ನಾಟಕಕ್ಕ ಇವನ್ನ ಹೀರೋ ಮಾಡೂಣೇನ?" ಎಂದರು.

"ಬ್ಯಾಡ್ರಿ" ಎಂದೆ, ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಅಂವ ಗೆಳ್ಯಾನ ಆಗಿರ್ಲಿ."