ಟೈಲರು ಕೊಡಲೊಲ್ಲದ ಹತ್ತು ಕೋಟುಗಳು

ಎಂಟಲ್ಲ, ಹತ್ತು. ಹತ್ತು ಕೋಟು. ‘ಹೋದ ಸಲ ಈ ಕತೆ ಹೇಳುವಾಗ ಎಂಟು ಅಂದಿದ್ರಿ, ಈಗ ಹತ್ತು ಅಂತೀರಿ, ವಯಸ್ಸಾಯ್ತು ಬಿಡಿ’ ಅಂತ ಮೆಸೇಜು ಹಾಕಿದ ಮಹಾನುಭಾವರು ಮೊದಲು ತಮ್ಮ ಕನ್ನಡಕ ಎಲ್ಲಿದೆ ಅಂತ ಹುಡುಕಿಕೊಳ್ಳಲಿ. ನನಗೆ ಆ ಕೋಟುಗಳ ಗುಂಡಿಯ ಬಣ್ಣ ಕೂಡ ನೆನಪಿದೆ. ಸುಮ್ಮನೆ ಕೇಳಿ.

ಟೈಲರಿಗೆ ಆಗ ಐವತ್ತೆಂಟು. ಒಬ್ಬಳೇ ಮಗಳು, ಅರಬ್ಬಿ ಮಾತಾಡುವ ಮನೆಗೆ ಸೊಸೆಯಾಗಿ ದೂರ ಹೋದವಳು. ಅವಳ ಮಗಳಿಗೆ ಆರು ವರ್ಷ, ಬಾಯಿ ತೆರೆದರೆ ಬರೀ ಅರಬ್ಬಿ. ಇನ್ನೆರಡು ತಿಂಗಳಿಗೆ ಮೊದಲ ಸಲ ಅಜ್ಜನ ಮನೆಗೆ ಬರುವವಳಿದ್ದಳು. ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಮಾತಾಡಬೇಕು, ಟೈಲರಿಗೆ ಬೇಕಾಗಿದ್ದುದು ಇಷ್ಟೇ. ಫೋನಿನಲ್ಲಿ ಪ್ರಯತ್ನಿಸಿ ಸೋತಿದ್ದ. ಅವನು ಒಂದು ಕ್ರಿಯಾಪದಕ್ಕೆ ತೋಳು ಹಚ್ಚುವಷ್ಟರಲ್ಲಿ ಮಗು ಫೋನು ಅಜ್ಜಿಗೆ ಕೊಡು ಅನ್ನುತ್ತಿತ್ತು. ಅಜ್ಜಿ ಅಂದರೆ ಟೈಲರನ ಹೆಂಡತಿ, ಅಂಗಡಿಯಲ್ಲಿ ಗುಂಡಿ ಹಾಕುವವಳು. ಅವಳೂ ಮಗುವೂ ಗಂಟೆಗಟ್ಟಲೆ ಕಿಲಕಿಲ ಅನ್ನುತ್ತಿದ್ದರು. ಇಬ್ಬರೂ ಮುಖ ಸೊಟ್ಟ ಮಾಡಿ ಆಡುತ್ತಿರಬೇಕು ಅಂದುಕೊಂಡು ಟೈಲರು ಪುಸ್ತಕಕ್ಕೆ ಮೂಗು ಹಚ್ಚುತ್ತಿದ್ದ.

ಅವನು ಸೇರಿದ್ದು ಲೈಬ್ರರಿ ಮಹಡಿಯ ಸಂಜೆ ಕ್ಲಾಸಿಗೆ. ಅಲ್ಲಿನ ಟೀಚರಮ್ಮ ಬಲು ಕಟ್ಟುನಿಟ್ಟು. ಮೊದಲು ಪದ ಕಟ್ಟುವ ಕ್ಲಾಸು, ಅದರಲ್ಲಿ ಪಾಸಾದವರಿಗೆ ಮಾತ್ರ ಮಾತಾಡುವ ಕ್ಲಾಸು. ಅರಬ್ಬಿಯಲ್ಲಿ ಪದದ ಬೇರು ಸಾಮಾನ್ಯವಾಗಿ ಮೂರು ಅಕ್ಷರ. ಕ, ತ, ಬ ಅಂದರೆ ಬರವಣಿಗೆಯ ವಿಷಯ. ‘ಕತಬ’ ಅಂದರೆ ಬರೆದ, ‘ಕಾತಿಬ್’ ಅಂದರೆ ಬರೆಯುವವ, ‘ಮಕ್ತಬ್’ ಅಂದರೆ ಬರೆಯಲು ಕೂರುವ ಮೇಜು. ಮೂರಕ್ಷರ ಅಲ್ಲೇ ಇರುತ್ತವೆ, ಹಿಂದೆ ಮುಂದೆ ನಡುವೆ ಸೇರ್ಪಡೆ ಬದಲಾಗುತ್ತದೆ. ಕ್ರಿಯಾಪದಕ್ಕೆ ಇಂಥ ಮುಖ್ಯ ಅಚ್ಚುಗಳು ಹತ್ತು. ಹತ್ತನ್ನೂ ಕ್ರಮವಾಗಿ, ಚೀಟಿ ನೋಡದೆ ಒಪ್ಪಿಸಬೇಕು. ಟೈಲರು ಎರಡು ಸಲ ಫೇಲಾಗಿದ್ದ. ಮೂರನೆಯ ಪರೀಕ್ಷೆ ಆ ದಿನ ಸಂಜೆ ಐದಕ್ಕೆ. ಮಾತಿನ ಕ್ಲಾಸಿನಲ್ಲಿ ಉಳಿದಿದ್ದುದು ಒಂದೇ ಸೀಟು.

ಈ ಸಲ ಅವನೊಂದು ಉಪಾಯ ಹೂಡಿದ್ದ. ನಾಟಕ ಕಂಪನಿಯವರು ಹತ್ತು ಪಾತ್ರಕ್ಕೆ ಹತ್ತು ಕೋಟು ಹೊಲಿಯಲು ಕೊಟ್ಟಿದ್ದರು. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ವಾರ ಮುಂಚೆಯೇ ಹೊಲಿದು ಮುಗಿಸಿ, ಕಂಬಿಗೆ ಸಾಲಾಗಿ ನೇತುಹಾಕಿ, ಒಂದೊಂದು ಕೋಟಿಗೆ ಒಂದೊಂದು ಅಚ್ಚು ಅಂಟಿಸಿಕೊಂಡಿದ್ದ. ಬೇರೆಯವರಿಂದ ಕೆಲಸ ಮಾಡಿಸುವ ಎರಡನೆಯ ಅಚ್ಚು ರಾಜನ ಕೋಟು. ಒಬ್ಬರಿಗೊಬ್ಬರು ಮಾಡಿಕೊಳ್ಳುವ ಆರನೆಯದು ಜಗಳಗಂಟನದು. ತಾನಾಗಿಯೇ ಆಗುವ ಏಳನೆಯದು ಕುಡುಕನದು, ಯಾರೂ ತಳ್ಳದೆ ಬೀಳುವವನಲ್ಲವೇ? ಬಣ್ಣಕ್ಕೆ ತಿರುಗುವ ಒಂಬತ್ತನೆಯದು ಕೋಡಂಗಿಯದು. ಬೇಡಿ ಪಡೆಯುವ ಹತ್ತನೆಯದು ಭಿಕ್ಷುಕನದು. ಕೋಟು ನೋಡಿದರೆ ಅಚ್ಚು ನಾಲಿಗೆಗೆ ಬರುತ್ತಿತ್ತು. ನೋಡದಿದ್ದರೆ ಮಾತ್ರ ತಲೆ ಖಾಲಿ ಬಾಬಿನ್ನಿನ ಹಾಗೆ ಸುಮ್ಮನೆ ತಿರುಗುತ್ತಿತ್ತು.

ಬೆಳಿಗ್ಗೆ ಹತ್ತಕ್ಕೇ ಕಂಪನಿಯ ಮ್ಯಾನೇಜರು ಬಂದ.

“ಟೈಲರ್ರೇ, ಕೋಟು ರೆಡಿಯಂತೆ! ನಿಮ್ಮ ಮನೆಯವರು ಫೋನ್ ಮಾಡಿ ಹೇಳಿದ್ರು.”

“ಇನ್ನೂ ಆಗಿಲ್ಲ ಸ್ವಾಮಿ. ಸಂಜೆ ಆರಕ್ಕೆ ಬನ್ನಿ.”

“ಏನ್ರೀ ಇದು? ಆಗದೇ ಇದ್ದಾಗೆಲ್ಲ ಆಗಿದೆ ಅಂತಿದ್ರಿ. ಈಗ ಕಣ್ಣೆದುರಿಗೇ ನೇತಾಡ್ತಿದೆ, ಆಗಿಲ್ಲ ಅಂತೀರಿ!”

“ಗುಂಡಿ ಹಾಕ್ಬೇಕು...”

“ರೀ, ಗುಂಡಿ ಮೊನ್ನೇನೇ ಹಾಕಿದೀನಲ್ಲ,” ಅಂದಳು ಹೆಂಡತಿ, ಒಳಗಿನಿಂದ.

ಉಳಿದವನ್ನು ಆಮೇಲೆ ಒಯ್ಯುತ್ತೇನೆ ಅಂತ ಮ್ಯಾನೇಜರು ರಾಜನ ಕೋಟನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಎರಡನೆಯ ಅಚ್ಚು ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ಟೈಲರು ಬಾಯಿಬಿಟ್ಟುಕೊಂಡು ನೋಡಿದ.

ಆಮೇಲೆ ಪಕ್ಕದ ಅಂಗಡಿಯ ಇಸ್ತ್ರಿಯವನಿಗೆ ಉಪಕಾರದ ಹುಚ್ಚು ಹಿಡಿಯಿತು. ಟೈಲರು ಊಟಕ್ಕೆ ಕೂತಿದ್ದಾಗ ಬಂದು ಐದು ಕೋಟು ಹೊತ್ತೊಯ್ದ. ಟೈಲರು ಎಂಜಲು ಕೈಯಲ್ಲೇ ಓಡಿದ.

“ಎಲ್ಲಯ್ಯಾ ಕೋಟು?”

“ಗರಿಗರಿ ಇಸ್ತ್ರಿ ಮಾಡ್ದೆ ಅಣ್ಣಾ. ನಟರು ಇಲ್ಲೇ ಹೋಗ್ತಿದ್ರು, ಅವ್ರ ಕೈಗೇ ಕೊಟ್ಬಿಟ್ಟೆ. ನಿಮಗೆ ಪರೀಕ್ಷೆ ಅಲ್ವಾ, ತೊಂದ್ರೆ ಯಾಕೆ ಅಂತ.”

“ನನ್ನ ಪರೀಕ್ಷೇನೇ ಕೊಟ್ಬಿಟ್ಯಲ್ಲೋ ಮಾರಾಯ!”

ವಾಪಸು ಬರುವಷ್ಟರಲ್ಲಿ ಹೆಂಡತಿ ಇನ್ನೂ ಮೂರನ್ನು ಕೇಳಿಕೊಂಡು ಬಂದ ನಟರ ಕೈಗೆ ಕೊಟ್ಟು ಕಂಬಿ ಒರೆಸುತ್ತಿದ್ದಳು. ಉಳಿದಿದ್ದು ಭಿಕ್ಷುಕನ ಕೋಟು ಒಂದೇ. ಮೂರು ಗಂಟೆಗೆ ಮ್ಯಾನೇಜರು ಅದಕ್ಕೂ ಬಂದಾಗ ಟೈಲರು ಅದನ್ನು ಎದೆಗವಚಿಕೊಂಡ.

“ಇದಕ್ಕೆ ಇನ್ನೊಂದು ತೇಪೆ ಬೇಕು.”

“ಭಿಕ್ಷುಕಂದು ಕಣ್ರೀ! ಹರಿದಷ್ಟೂ ಒಳ್ಳೇದು. ಬಿಡ್ರಿ!”

ಇಬ್ಬರೂ ಎಳೆದಾಡಿದರು. ತೋಳು ಪರ್ ಅಂತ ಹರಿಯಿತು. ಮ್ಯಾನೇಜರಿಗೆ ಬಹಳ ಸಂತೋಷವಾಯಿತು. “ಈಗ ಫಸ್ಟ್ ಕ್ಲಾಸ್ ಆಯ್ತು,” ಅಂತ ಎತ್ತಿಕೊಂಡು ನಡೆದ.

ಟೈಲರು ನಾಟಕದ ಹಾಲಿಗೇ ಓಡಿದ. ನಟರನ್ನು ಸಾಲಾಗಿ ನಿಲ್ಲಿಸಿಕೊಂಡು ಒಂದೇ ಒಂದು ಸಲ ನೋಡಿಬಿಡೋಣ ಅಂತ. ಅವರೂ ಪಾಪ ನಿಂತರು. ಆದರೆ ನೋಡಿದರೆ ಏನು ಕಾಣಬೇಕು? ರಾಜ ಗುಂಡಿ ತಪ್ಪಿಸಿ ಹಾಕಿದ್ದಾನೆ. ಕುಡುಕನ ಕಾಲರು ಒಳಗೆ ಮಡಚಿದೆ. ಕೋಡಂಗಿಯ ತೋಳು ಒಂದಿಂಚು ಉದ್ದ. ಟೈಲರನ ಕಣ್ಣಿಗೆ ಬರೀ ಹೊಲಿಗೆ ಕಂಡಿತು, ಒಂದೂ ಅಚ್ಚು ಕಾಣಲಿಲ್ಲ. ಎಲ್ಲರನ್ನೂ ಸರಿಮಾಡಿ ಮುಗಿಸುವಾಗ ಐದಕ್ಕೆ ಹತ್ತು ನಿಮಿಷ. ಜೇಬು ಮುಟ್ಟಿಕೊಂಡ, ಕನ್ನಡಕವೂ ಅಂಗಡಿಯಲ್ಲೇ ಉಳಿದಿತ್ತು.

ಲೈಬ್ರರಿಯ ಮೆಟ್ಟಿಲು ಹತ್ತುವಾಗ ಅವನಿಗೆ ಒಂದು ವಿಚಾರ ಬಂತು. ನಲವತ್ತು ವರ್ಷದಿಂದ ಕೋಟು ಹೊಲೀತಿದೀನಿ. ಹಿಂದಿನ ಕೋಟು ನೋಡಿಕೊಂಡು ಯಾವತ್ತಾದರೂ ಹೊಲಿದಿದ್ದೀನಾ? ಇಲ್ಲ. ಬಟ್ಟೆ ಮುಂದಿಟ್ಟರೆ ಕೈ ತಾನೇ ಕತ್ತರಿಸುತ್ತೆ. ಕೋಟು ಅನ್ನೋದು ನೆನಪಿಟ್ಟುಕೊಳ್ಳುವ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಮಾಡುವ ವಸ್ತು. ಆ ಮೂರಕ್ಷರ ನನ್ನ ಬಟ್ಟೆ. ಸೇರ್ಪಡೆಯೆಲ್ಲ ಕಾಲರು, ತೋಳು, ಒಳಬಟ್ಟೆ. ಇಷ್ಟು ದಿನ ನಾನು ಕೋಟು ಬಾಯಿಪಾಠ ಮಾಡ್ತಿದ್ದೆನಲ್ಲ, ಕತ್ತರಿ ಹಿಡೀಬಾರದಿತ್ತೇ?

ಟೀಚರಮ್ಮ “ಹೂಂ” ಅಂದರು. ಟೈಲರು ಕಣ್ಣು ಮುಚ್ಚಿದ. ಎರಡು ಬೆರಳು ಗಾಳಿಯಲ್ಲಿ ಕತ್ತರಿಯಾಡಿದವು. ಮೊದಲ ಅಚ್ಚು ಬಂತು, ಎರಡನೆಯದು ಬಂತು, ನಡುವಿನ ಅಕ್ಷರವನ್ನು ಒತ್ತಿ ಎರಡು ಮಡಿಕೆ ಹೊಲಿದ, ಮುಂದೆ ಒಂದು ಪಟ್ಟಿ ಹಚ್ಚಿದ. ಹತ್ತೂ ಬಂದವು.

“ಬಾಯಿಪಾಠ ಇರಬಹುದು,” ಅಂದರು ಟೀಚರಮ್ಮ. “ಇದನ್ನ ಹೇಳಿ ನೋಡೋಣ. ಖ, ರ, ಜ. ಹೊರಗೆ ಬರುವ ವಿಷಯ.”

ಆ ಬಟ್ಟೆ ಅವನು ಕಂಡದ್ದೇ ಇಲ್ಲ. ಆದರೂ ‘ಖರಜ’ದಿಂದ ‘ಇಸ್ತಖ್ರಜ’ದವರೆಗೆ ದಾರ ಕಡಿಯದೆ ಹೊಲಿದುಬಿಟ್ಟ. ಕಣ್ಣು ತೆರೆದಾಗ ಟೀಚರಮ್ಮನ ಕಣ್ಣು ಒದ್ದೆಯಾಗಿತ್ತು.

“ಮೂವತ್ತು ವರ್ಷದಲ್ಲಿ ಇಂಥ ಶಿಷ್ಯನ್ನ ನೋಡಿಲ್ಲ. ನಿಮ್ಮನ್ನ ಇಲ್ಲಿಂದ ಬಿಡೋ ಮಾತೇ ಇಲ್ಲ! ಮುಂದಿನ ತಿಂಗಳು ಹೊಸಬರು ಬರ್ತಾರೆ, ಈ ಹತ್ತು ಅಚ್ಚು ಅವರಿಗೆ ನೀವೇ ಕಲಿಸ್ಬೇಕು.”

“ಅಮ್ಮಾ, ನನಗೆ ಮಾತಿನ ಕ್ಲಾಸು...”

“ಆ ಸೀಟು ಈಗಷ್ಟೇ ಹೋಯ್ತಲ್ಲ. ನೀವು ಬರೋಕೆ ಮುಂಚೆ ಒಬ್ರು ನಿಮ್ಮ ಕನ್ನಡಕ ಕೊಡೋಕೆ ಬಂದ್ರು. ಕೇಳಿ ನೋಡಿದೆ, ಒಂದು ಅಚ್ಚೂ ಸರಿಯಿಲ್ಲ, ಎಲ್ಲಾ ತಪ್ಪು! ಆದ್ರೆ ನನ್ನ ಮಂಡಿನೋವು ವಿಚಾರಿಸಿದ್ರು, ಮೊಮ್ಮಗಳ ಸುದ್ದಿ ಹೇಳಿದ್ರು, ಕಾಲು ಗಂಟೆ ಅರಬ್ಬೀಲೇ ನಗಿಸಿದ್ರು. ಅಂಥವರಿಗೆ ಪರೀಕ್ಷೆ ಯಾಕೆ?”

ಬಾಗಿಲ ಬಳಿ ಹೆಂಡತಿ ಕನ್ನಡಕ ಹಿಡಿದು ನಿಂತಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಮೊಮ್ಮಗಳ ಫೋನು ಬಂತು. ಹೆಂಡತಿ ಏನೋ ಅಂದಳು, ಅತ್ತ ಕಡೆ ಮಗು ಬಿದ್ದು ಬಿದ್ದು ನಕ್ಕಿತು.

“ಏನಂತೆ?” ಅಂದ ಟೈಲರು.

“ತಾತ ಯಾಕೆ ಮಾತಾಡಲ್ಲ ಅಂತ ಕೇಳ್ತು. ಇನ್ನೂ ಹೊಲೀತಿದಾರೆ ಅಂದೆ.”

ಟೈಲರು ಎರಡು ಬೆರಳು ಕತ್ತರಿಯಾಡಿಸುತ್ತ ಹತ್ತು ಹೆಜ್ಜೆ ನಡೆದ. ಆಮೇಲೆ ತಡೆಯಲಾರದೆ ಕೇಳಿದ. “ಯಾವ ಅಚ್ಚಲ್ಲಿ ಅಂದೆ?”

“ಅದ್ಯಾವುದೋ ನನಗೇನ್ರೀ ಗೊತ್ತು? ಮಗೂಗೆ ಗೊತ್ತಾಯ್ತು.”

ಇಷ್ಟೇ. ಭಾಷೆ ಕಲಿಯುತ್ತೇನೆ ಅಂತ ಪಟ್ಟಿ ಗೋಡೆಗೆ ಅಂಟಿಸಿಕೊಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಪೂರ್ತಿ ಕಳಿಸಿ, ಮತ್ತೆ ಯಾರಾದರೂ ಎಂಟು ಕೋಟು ಅಂದರೆ ನನಗೆ ಸಿಟ್ಟು ಬರುತ್ತದೆ.