ಫಿಯೆಟ್ಟಿಗೆ ಡ್ರಿಲ್ ಕಲಿಸಿದ ಕತೆ

"ಮಂಗಳಾ, ಈ ಕಾರಿನ ಕಟಕಟ ಇವತ್ತಿಗೆ ಮುಗೀತು ಅಂತ ತಿಳ್ಕೋ," ಎಂದು ನಮ್ಮ ಯಜಮಾನರು ಹಳೆಯ ಫಿಯೆಟ್ಟಿನ ಬಾನೆಟ್ ಎತ್ತಿದರು. ಎಂಜಿನ್ನಿನ ಮೇಲೆ ನನ್ನ ಇಡ್ಲಿ ಪಾತ್ರೆ ಕೂತಿತ್ತು. ಮೂರು ದಿನದಿಂದ ಅದನ್ನು ಹುಡುಕಿ ಹುಡುಕಿ, ಬಂದುಹೋದ ನೆಂಟರ ಮೇಲೆಲ್ಲ ಅನುಮಾನಪಟ್ಟಿದ್ದೆ. ಈಗ ಅದರ ಸುತ್ತ ತಾಮ್ರದ ತಂತಿ, ತಳಕ್ಕೆ ನಾಲ್ಕು ರಬ್ಬರ್ ಕಾಲು, ಮುಚ್ಚಳದಲ್ಲಿ ಒಂದು ತೂತು. ಆ ತೂತು ಅದರ ಕಿವಿಯಂತೆ.

ಹೆಸರು ಶಿಸ್ತುಪಾಲ ಎಂದರು. ನೂರು ತಪ್ಪಿನವರೆಗೆ ಕ್ಷಮೆ ಪಡೆದವನ ಹೆಸರಿಗೆ ಬಹಳ ಹತ್ತಿರ ಇತ್ತು. ಇವರ ಆವಿಷ್ಕಾರಗಳನ್ನು ಮದುವೆಯಾದಾಗಿನಿಂದ ನಾನೂ ಎಣಿಸುತ್ತಾ ಬಂದಿದ್ದೇನೆ. ನೂರಕ್ಕೆ ಇನ್ನೂ ಐದಾರು ಬಾಕಿ ಇದ್ದುದರಿಂದ ಸುಮ್ಮನಾದೆ.

ಇವರು, ಅಂದರೆ ನಂಜುಂಡಾರಾಧ್ಯರು, ತಿಪಟೂರಿನ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳಿಸಿದರು. ಸೀಟಿಯನ್ನು ಮಾತ್ರ ವಾಪಸು ಪಡೆಯಲು ಮರೆತರು. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಗೂ ಸೀಟಿ, ಸ್ನಾನಕ್ಕೂ ಸೀಟಿ. ಹಾಸಿಗೆಯ ಮೇಲಿನ ಹೊದಿಕೆ ಸ್ವಲ್ಪ ಸೊಟ್ಟಗಿದ್ದರೂ ಇವರಿಗೆ ಊಟ ಸೇರುವುದಿಲ್ಲ.

ಅಂದು ಶನಿವಾರ. ಸೋಮವಾರ ನನ್ನ ಡ್ರೈವಿಂಗ್ ಪರೀಕ್ಷೆ. ಐವತ್ತೇಳನೇ ವಯಸ್ಸಿನಲ್ಲಿ ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಪಕ್ಕದ ಸೀಟಿನಲ್ಲಿ ಕೂತು "ಎಡಕ್ಕೆ, ಎಡಕ್ಕೆ, ನೇರ ನೋಡು" ಎಂದು ಕೂಗಿ ನನ್ನನ್ನು ಫೇಲು ಮಾಡಿಸಿದ ಪುಣ್ಯ ಇವರದೇ. ನನಗಿದ್ದ ಆಸೆ ಒಂದೇ. ಲೈಸೆನ್ಸ್ ಪಡೆದು, ಒಬ್ಬಳೇ ಕಾರು ಹತ್ತಿ, ಕಿವಿಗೆ ಒಂದು ಮಾತೂ ಬೀಳದ ಹಾಗೆ ಅರಸೀಕೆರೆಯ ಅಕ್ಕನ ಮನೆಗೆ ಹೋಗಿಬರಬೇಕು. ಇದನ್ನು ನಾನು ದೇವರ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಿರಲಿಲ್ಲ.

ಇವರು ವಿವರಣೆ ಶುರು ಮಾಡಿದರು. ಎಂಜಿನ್ನಿನೊಳಗೆ ವಾಲ್ವ್ ಎಂಬ ಎಂಟು ಪುಟ್ಟ ಬಾಗಿಲುಗಳಿವೆ. ಅವನ್ನು ಒತ್ತಿ ತೆಗೆಯುವ ತೋಳಿಗೂ ವಾಲ್ವಿಗೂ ನಡುವೆ ಕಾಗದದಷ್ಟು ಸಂದು ಇದೆ. ಕಟಕಟ ಸದ್ದು ಬರುವುದು ಅಲ್ಲಿಂದಲೇ. ಸಂದು ಎಂದರೆ ಸಡಿಲ, ಸಡಿಲ ಎಂದರೆ ಅಶಿಸ್ತು. ಶಿಸ್ತುಪಾಲ ಸೀಟಿ ಕೇಳಿದ ಕೂಡಲೇ ಎಲ್ಲಿ ಸಡಿಲವಿದೆ ಎಂದು ಪತ್ತೆ ಹಚ್ಚಿ, ಕಾಂತದ ಅಲೆಗಳಿಂದ ತಿರುಪು ತಿರುಗಿಸಿ ಸಂದು ಮುಚ್ಚುತ್ತದೆ. ಎಲ್ಲಕ್ಕಿಂತ ದೊಡ್ಡ ಸಡಿಲ ಯಾವುದೋ ಅದನ್ನೇ ಮೊದಲು ಹಿಡಿಯುತ್ತದೆ. ಅಷ್ಟೇ ಅಲ್ಲ, ಒಂದು ಕಬ್ಬಿಣ ಕಲಿತರೆ ಪಕ್ಕದ ಕಬ್ಬಿಣ ಅದನ್ನು ನೋಡಿ ತಾನೂ ಕಲಿಯುತ್ತದಂತೆ, ಡ್ರಿಲ್ಲಿನಲ್ಲಿ ಮುಂದಿನ ಹುಡುಗನನ್ನು ನೋಡಿ ಹಿಂದಿನವನು ಕಲಿತ ಹಾಗೆ.

ಕಾರು ಚಾಲೂ ಮಾಡಿ ಸೀಟಿ ಊದಿದರು. ಕಟಕಟ ನಿಂತೇ ಹೋಯಿತು. ಎಂಜಿನ್ ಎಷ್ಟು ಮೌನವಾಯಿತೆಂದರೆ ಎದುರು ಗ್ಯಾರೇಜಿನ ದಸ್ತಗೀರ್ ಸಾಹೇಬರು ಯಾರೋ ತೀರಿಕೊಂಡರೇನೋ ಎಂಬಂತೆ ಎದ್ದು ಬಂದರು. ಇಪ್ಪತ್ತೈದು ವರ್ಷದಿಂದ ನಮ್ಮ ಕಾರಿನ ಟ್ಯಾಪೆಟ್, ಅಂದರೆ ಆ ವಾಲ್ವಿನ ಸಂದು, ಹೊಂದಿಸುತ್ತಿದ್ದವರು ಅವರೇ.

"ಮೇಷ್ಟ್ರೇ, ಆ ಸಂದು ನಾನೇ ಬಿಟ್ಟಿರೋದು," ಎಂದರು. "ಬಿಸಿಯಾದ್ರೆ ಕಬ್ಬಿಣ ಹಿಗ್ಗುತ್ತೆ. ಸಂದಿಲ್ಲ ಅಂದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಶಬ್ದ ಮಾಡೋದು ಬದುಕಿರುತ್ತೆ, ಸುಮ್ನಿರೋದೇ ಸುಟ್ಟೋಗೋದು."

ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಸಂಸಾರದಲ್ಲಿ ಯಾರು ಶಬ್ದ ಮಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂದು ನೆನೆಸಿಕೊಂಡು, ಇನ್ನೊಂದು ಸಲ ಗಟ್ಟಿಯಾಗಿ ಹೇಳಿ ಎಂದು ಅವರನ್ನು ಕೇಳಿಕೊಂಡೆ. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಅಭ್ಯಾಸಕ್ಕೆಂದು ಹೊರಟೆವು. ಎಂಜಿನ್ ಬಿಸಿಯಾಗುತ್ತಿದ್ದಂತೆ ಕಾರು ಏದುಸಿರು ಬಿಟ್ಟು, ಸರಿಯಾಗಿ ಕೊಬ್ಬರಿ ಮಂಡಿಯ ಮುಂದೆ ನಿಂತಿತು. ಮಂಡಿಯ ಹಮಾಲರು ಪಾಪ, ಮನೆಯವರೆಗೂ ತಳ್ಳಿದರು. ಇವರು ಪಕ್ಕದಲ್ಲಿ ನಡೆಯುತ್ತಾ ಅವರಿಗೆ ಎಡ, ಬಲ ಎಂದು ಹೆಜ್ಜೆ ಹೇಳಿಕೊಟ್ಟರು. ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದು ಸ್ಟೀರಿಂಗ್ ಹಿಡಿದುಕೊಂಡಿದ್ದೆ.

ಇಷ್ಟಾದ ಮೇಲೆ ಬೇರೆ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಿದ್ದರು. ಇವರು ಶಿಸ್ತು ಸಾಲದು ಎಂದು ತೀರ್ಮಾನಿಸಿದರು. ಭಾನುವಾರ ಬೆಳಿಗ್ಗೆ ತಣ್ಣಗಾದ ಎಂಜಿನ್ನಿನ ಮುಚ್ಚಳ ಬಿಚ್ಚಿ, ಚಾಲೂ ಮಾಡಿ ನೋಡಿ ಹೌಹಾರಿದರು. ಕ್ಯಾಮ್‌ಶಾಫ್ಟ್ ಎಂಬ ಉಬ್ಬು ಉಬ್ಬಿನ ಸರಳು ತಿರುಗುತ್ತಾ, ಎಂಟು ವಾಲ್ವುಗಳನ್ನು ಅದರದರ ಸರದಿಯಲ್ಲಿ ತೆಗೆದು ಮುಚ್ಚುತ್ತಿತ್ತು.

"ಎಂಟು ಜನ ಸಾಲಲ್ಲಿ ನಿಂತು ಒಬ್ಬೊಬ್ಬ ಒಂದೊಂದು ಹೊತ್ತಿಗೆ ಕೈ ಎತ್ತಿದ್ರೆ ಅದನ್ನ ಕವಾಯತು ಅಂತಾರೇನೆ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ಕ್ಯಾಮ್‌ಶಾಫ್ಟನ್ನು ನಾನೇ ತವರಿನಿಂದ ತಂದ ಹಾಗೆ.

ದಸ್ತಗೀರ್ ಸಾಹೇಬರು ಕೈಮುಗಿದು ಬಿಡಿಸಿ ಹೇಳಿದರು. ಒಂದು ವಾಲ್ವ್ ಉಸಿರು ಒಳಗೆಳೆಯುವುದಕ್ಕೆ, ಇನ್ನೊಂದು ಹೊರಗೆ ಬಿಡುವುದಕ್ಕೆ. ಎರಡೂ ಒಟ್ಟಿಗೆ ತೆರೆದರೆ ನೀರು ಕುಡಿಯುವಾಗ ಸೀನಿದ ಹಾಗಾಗುತ್ತದೆ. ಇವರು ಅಷ್ಟರಲ್ಲಿ ಸೀಟಿ ಊದಿ ಆಗಿತ್ತು. ಎಂಟೂ ವಾಲ್ವುಗಳು ಒಂದೇ ಏಟಿಗೆ ಬಾಯಿ ತೆರೆದವು, ಕಾರು ಸೀನಿತು. ಹೊಗೆ ಆರಿದ ಮೇಲೆ ನೋಡಿದರೆ ಇವರ ಬಲಮೀಸೆ ಇರಲಿಲ್ಲ. ಎಡಮೀಸೆ ಮಾತ್ರ ಉಳಿಯುವುದು ಅಶಿಸ್ತೆಂದು ಅದನ್ನೂ ಬೋಳಿಸಿಕೊಂಡರು. ಮೂವತ್ತು ವರ್ಷದ ಮೇಲೆ ಇವರ ಮೇಲ್ತುಟಿ ನೋಡಿ ನನಗೆ ಯಾರೋ ಪರಸ್ಥಳದವರು ಮನೆಗೆ ಬಂದಂತಾಯಿತು.

ಎಂಜಿನ್ನಿನಲ್ಲಿ ಇನ್ನು ಸರಿಪಡಿಸಲು ಏನೂ ಉಳಿಯದ ಶಿಸ್ತುಪಾಲ ನಮ್ಮ ಮನೆಯ ಕಡೆ ತಿರುಗಿತು. ಕಿಟಕಿಗಳು ಚೌಕಟ್ಟಿಗೆ ಕಚ್ಚಿಕೊಂಡವು. ಆಚೀಚೆ ಮನೆಗಳ ಫ್ಯಾನುಗಳು ನಮ್ಮ ಫ್ಯಾನಿನ ಜೊತೆ ಹೆಜ್ಜೆ ಹಾಕುತ್ತಾ ತಿರುಗತೊಡಗಿದವು. ಅದನ್ನೂ ಸಹಿಸಿಕೊಂಡೆ. ಆದರೆ ಸಂಜೆ ಕಾಫಿಪುಡಿಯ ಸ್ಟೀಲ್ ಡಬ್ಬಿ ತೆಗೆಯಲು ಹೋದರೆ ಮುಚ್ಚಳ ಯಾವುದು, ಡಬ್ಬಿ ಯಾವುದು ಎಂದೇ ತಿಳಿಯದ ಹಾಗೆ ಎರಡೂ ಒಂದಾಗಿದ್ದವು. ಕಾಫಿಯಿಲ್ಲದ ಸಂಜೆ ನಾನು ಏನೇನು ಮಾತಾಡಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಸೋಮವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದರು. ಬಚ್ಚಲುಮನೆಯ ಚಿಲಕವೂ ಶಿಸ್ತು ಕಲಿತುಬಿಟ್ಟಿತ್ತು. ಬಾಗಿಲು ತೆಗೆಯಲು ಬರುತ್ತಿಲ್ಲ ಎಂದು ತಿಳಿಸಲು ಇವರು ಸೀಟಿ ಊದಿದರು. ಊದಿದೊಡನೆ ಚಿಲಕ ಇನ್ನಷ್ಟು ಬಿಗಿಯಿತು, ನಲ್ಲಿ ಬಿಗಿದು ನೀರು ನಿಂತಿತು, ಗೇಟೂ ಕಚ್ಚಿಕೊಂಡಿತು.

"ರೀ, ದಮ್ಮಯ್ಯ, ಊದಬೇಡಿ," ಎಂದೆ.

ಆಯಿತು ಎಂದು ತಿಳಿಸಲು ಇನ್ನೊಂದು ಸಲ ಊದಿದರು.

ವೆಂಟಿಲೇಟರಿನಲ್ಲಿ ಎರಡು ಬಾಳೆಹಣ್ಣು ಇಳಿಸಿ, ಸೀಟಿಯನ್ನು ಈಚೆಗೆ ಎಸೆಸಿಕೊಂಡು, ಕಾಂಪೌಂಡಿನಾಚೆ ನೋಡಿ ದಸ್ತಗೀರ್ ಸಾಹೇಬರನ್ನು ಕೂಗಿದೆ. ಹತ್ತೂವರೆಗೆ ಪರೀಕ್ಷೆ. ನನಗೆ ಅಳುವೇ ಬಂದಿತ್ತು. ಈ ಸಲವೂ ಹೋದರೆ ನಾಲ್ಕನೇ ಸಲಕ್ಕೆ ನನ್ನಲ್ಲಿ ಧೈರ್ಯ ಉಳಿದಿರಲಿಲ್ಲ.

ಅವರು ಕಾಂಪೌಂಡ್ ಹಾರಿ ಬಂದರು. ಬಾಗಿಲು ಒಡೆಯಲೇ, ಕಾರು ನೋಡಲೇ ಎಂದು ಕೇಳಿದರು. ನಾನು ಯೋಚನೆ ಮಾಡದೆ ಕಾರು ಎಂದೆ. ತಣ್ಣಗಿದ್ದ ಎಂಜಿನ್ನಿನ ಮುಂದೆ ಕೂತು, ಮೊದಲು ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್ ಬಿಚ್ಚಿ, ಎರಡು ಹಲ್ಲುಚಕ್ರಗಳ ಗುರುತು ಎದುರುಬದುರು ಬರುವಂತೆ ಮತ್ತೆ ಕೂರಿಸಿದರು. ಆಮೇಲೆ ತೆಳ್ಳನೆಯ ಬ್ಲೇಡೊಂದನ್ನು ಸಂದಿನಲ್ಲಿಟ್ಟು, ಅದು ಸ್ವಲ್ಪ ಹಿಡಿದು ಹಿಡಿದು ಜಾರುವಷ್ಟು ಜಾಗ ಬಿಟ್ಟು, ಎಂಟೂ ತಿರುಪು ಬಿಗಿದರು. ಶಿಸ್ತುಪಾಲವನ್ನು ಕೀಳಲು ಮಾತ್ರ ಆಗಲಿಲ್ಲ. ಎಂಜಿನ್ನಿಗೂ ಅದಕ್ಕೂ ನಡುವೆ ಉಗುರು ತೂರಿಸುವಷ್ಟೂ ಸಂದಿರಲಿಲ್ಲ. ಅದರ ಕಿವಿಗೆ ಗ್ರೀಸು ಮೆತ್ತಿದ ಹತ್ತಿ ತುರುಕಿದರು.

"ಇನ್ನು ಇದು ಕಿವುಡು, ಅಮ್ಮಾವ್ರೆ. ನಡೀರಿ, ನಾನು ಪಕ್ಕದಲ್ಲಿ ಕೂತಿರ್ತೀನಿ."

ಗೇಟಿನ ತಿರುಗಣಿಗಳನ್ನೇ ಕಿತ್ತು, ಗೇಟು ಪಕ್ಕಕ್ಕಿಟ್ಟು ಹೊರಟೆವು. ಬಚ್ಚಲುಮನೆಯಿಂದ "ಎಡಕ್ಕೆ" ಎಂಬ ದನಿ ಕೇಳಿಸಿತು. ದಾರಿಯುದ್ದಕ್ಕೂ ಸಾಹೇಬರು ಒಂದು ಮಾತೂ ಆಡಲಿಲ್ಲ. ನಾನು ಇಷ್ಟು ಚೆನ್ನಾಗಿ ಕಾರು ಓಡಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಸಾಲಿಗೆ ಮೊದಲು ನಾನು. ಹಿಂದೆ ಡ್ರೈವಿಂಗ್ ಸ್ಕೂಲಿನ ಕಾರುಗಳು, ಎರಡು ಆಟೋ, ಹಾಲಿನ ವ್ಯಾನು, ಕೊನೆಗೊಂದು ಟ್ರ್ಯಾಕ್ಟರು, ಒಟ್ಟು ಹನ್ನೊಂದು. ಕಾಯುತ್ತಾ ನಿಂತ ಎಂಜಿನ್ನಿನ ಬಿಸಿಗೆ ಗ್ರೀಸು ಕರಗಿ ಹತ್ತಿ ಜಾರಿಬಿದ್ದದ್ದು ನಮಗೆ ತಿಳಿಯಲಿಲ್ಲ. ಇನ್ಸ್‌ಪೆಕ್ಟರು ಶುರು ಮಾಡಿ ಎಂದು ಸೀಟಿ ಊದಿದರು.

ಶಿಸ್ತುಪಾಲಕ್ಕೆ ಟ್ಯಾಪೆಟ್ಟಿನ ಸಂದು ಈಗ ಕಣ್ಣಿಗೇ ಬೀಳಲಿಲ್ಲ. ಗಾಡಿಗೂ ಗಾಡಿಗೂ ಹತ್ತು ಹತ್ತು ಅಡಿ ಸಂದು ಬಿಟ್ಟು ನಿಂತಿದ್ದರಲ್ಲ! ಬ್ರೇಕು ಹಾಕಿದ್ದ ಗಾಡಿಗಳು ಹಾಗೆಯೇ ಜಾರಿ ಬಂದು, ಟಣ್ ಟಣ್ ಎಂದು ಒಂದರ ಬೆನ್ನಿಗೊಂದು ಅಂಟಿದವು. ಗಾಬರಿಯಾದ ಇನ್ಸ್‌ಪೆಕ್ಟರು ನಿಲ್ಲಿಸಲು ಇನ್ನೊಂದು ಸೀಟಿ ಊದಿದರು. ಹನ್ನೆರಡೂ ಎಂಜಿನ್ನುಗಳು ಒಂದೇ ತಾಳಕ್ಕೆ ಗುಡುಗಿ ಹೊರಟವು. ನಾನು ಹಲ್ಲು ಕಚ್ಚಿ, ಪರೀಕ್ಷೆಗೆಂದು ನೆಲದ ಮೇಲೆ ಬರೆದಿದ್ದ ಎಂಟರ ಅಂಕಿಯ ಗುರುತಿನ ಮೇಲೆ ಕಾರು ತಿರುಗಿಸಿದೆ. ಎಂಟರ ನಡುವೆ ಎದುರಿಗೆ ನಮ್ಮದೇ ಸಾಲಿನ ಬಾಲ, ಆ ಟ್ರ್ಯಾಕ್ಟರು, ಅಡ್ಡ ಬಂತು. ಗೇಣಿನಷ್ಟು ಅಂತರದಲ್ಲಿ ಅದನ್ನು ಮುಂದೆ ಬಿಟ್ಟು, ಒಂದು ಕಂಬಕ್ಕೂ ತಾಗಿಸದೆ, ಕೈಸನ್ನೆಯನ್ನೂ ಮರೆಯದೆ, ಹೊರಟಲ್ಲಿಗೇ ತಂದು ನಿಲ್ಲಿಸಿದೆ.

ಇನ್ಸ್‌ಪೆಕ್ಟರು ಬಹಳ ಹೊತ್ತು ಫಾರಂ ತಿರುಗಿಸಿ ನೋಡಿದರು. "ಹನ್ನೊಂದು ಗಾಡಿ ಎಳ್ಕೊಂಡು ಎಂಟು ಹಾಕಿದೀರಿ. ಫೇಲ್ ಮಾಡೋಕೆ ನನಗೆ ಕಾರಣ ಸಿಗ್ತಿಲ್ಲ, ಅಮ್ಮಾ," ಎಂದು ಪಾಸು ಬರೆದರು. ಹಿಂದಿದ್ದವರು ಸ್ಟೀರಿಂಗ್ ಮುಟ್ಟಿರಲಿಲ್ಲವಾದ್ದರಿಂದ ಅವರಿಗೆ ಮುಂದಿನ ವಾರ ಬರಲು ಹೇಳಿದರು. ಸಂಜೆಗೆ ಕಬ್ಬಿಣವೆಲ್ಲ ತಣ್ಣಗಾಗಿ ಕುಗ್ಗಿ, ಗಾಡಿಗಳು ತಾವಾಗಿಯೇ ಬಿಟ್ಟುಕೊಂಡವು. ಇವರನ್ನು ಬಚ್ಚಲುಮನೆಯಿಂದ ಈಚೆ ತಂದದ್ದು ಆಮೇಲೆ.

ಲೈಸೆನ್ಸ್ ಬಂದ ಮಾರನೆಯ ದಿನ ಒಬ್ಬಳೇ ಅರಸೀಕೆರೆಗೆ ಹೊರಟೆ. ಶಿಸ್ತುಪಾಲ ಇಂದಿಗೂ ಎಂಜಿನ್ನಿನ ಮೇಲೇ ಇದೆ, ಯಾರಿಗೂ ಕೀಳಲಾಗಿಲ್ಲ. ಅಂದು ದಾರಿಯ ಸರ್ಕಲ್ಲಿನಲ್ಲಿ ಪೊಲೀಸಿನವನು ಸೀಟಿ ಊದಿದ. ಅಕ್ಕನ ಮನೆ ತಲುಪುವ ಹೊತ್ತಿಗೆ ನನ್ನ ಹಿಂದೆ ಎರಡು ಜೀಪು, ಒಂದು ಮದುವೆ ದಿಬ್ಬಣದ ಬಸ್ಸು ಸೇರಿ ಇಪ್ಪತ್ತೇಳು ವಾಹನಗಳು ಸಾಲಾಗಿ ಬರುತ್ತಿದ್ದವು. ಕಟ್ಟಕಡೆಯದು ಇವರ ಸ್ಕೂಟರು. ಅಲ್ಲಿಂದ ಏನೋ ಕೂಗುತ್ತಿದ್ದರು, ನನಗೆ ಏನೂ ಕೇಳಿಸುತ್ತಿರಲಿಲ್ಲ.

ಅಕ್ಕ ಹೊಸಿಲ ಮೇಲೆ ನಿಂತು ಸಾಲನ್ನು ತುದಿಯವರೆಗೂ ನೋಡಿದಳು. ಆರತಿ ತರುವುದೋ ಬೇಡವೋ ಎಂದು ತಿಳಿಯದೆ, "ಯಾವ ಪಕ್ಷದಿಂದ ನಿಂತಿದೀಯೇ?" ಎಂದಳು.

ಪಕ್ಷೇತರ ಎಂದೆ.