ವಿಕ್ರಮನ ಸ್ನಾನ ಮತ್ತು ಹದಿನಾಲ್ಕು ಸೂಜಿ

ನಾಯಿ ಸಾಕುವುದು ಬಹಳ ಸುಲಭದ ಕೆಲಸವೆಂದು ನಾನು ನಲವತ್ತು ವರ್ಷದವರೆಗೂ ನಂಬಿದ್ದೆ. ಆವರೆಗೆ ನಾಯಿ ಸಾಕಿರಲಿಲ್ಲ, ಅದೇ ಕಾರಣ!

ಆಗ ನಾನು ಮೂಡಬಿದಿರೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಷ್ಟ್ರು. ಬಾಡಿಗೆ ಮನೆಯಲ್ಲಿ ನಾನು ಮತ್ತು ಹೆಂಡತಿ ಸರಸ್ವತಿ, ಇಬ್ಬರೇ. ಬೇಸಿಗೆ ರಜೆಯಲ್ಲಿ ಶಿರ್ತಾಡಿಯ ಸ್ನೇಹಿತರ ಮನೆಗೆ ಹೋಗಿದ್ದಾಗ ಅಲ್ಲಿದ್ದ ಕಂದು ಬಣ್ಣದ ನಾಯಿಮರಿಯೊಂದು ನನ್ನ ಪಂಚೆಯ ಅಂಚನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಇದು ಪೂರ್ವಜನ್ಮದ ಸಂಬಂಧವೇ ಸರಿ ಎಂದುಕೊಂಡೆ. ಈಗ ಯೋಚಿಸಿದರೆ, ಅದಕ್ಕೆ ಹಸಿವಾಗಿತ್ತು ಅಷ್ಟೇ.

ಮರಿಯನ್ನು ಕೈಚೀಲದಲ್ಲಿ ಅಡಗಿಸಿ ಬಸ್ಸು ಹತ್ತಿದೆ. ಚೀಲ "ಕುಂಯ್" ಎಂದಿತು. ಕೂಡಲೇ ನಾನು ಕೆಮ್ಮಿದೆ. ಅದು ಮತ್ತೆ ಕುಂಯ್ಗುಟ್ಟಿತು. ನಾನು ಮತ್ತೆ ಕೆಮ್ಮಿದೆ. ಹೀಗೆ ನಾಲ್ಕು ಮೈಲಿ!

"ಕೆಮ್ಮು ಜೋರುಂಟಲ್ಲ ಮಾಷ್ಟ್ರೇ, ಕಷಾಯ ಕುಡಿಯಿರಿ" ಎಂದರು ಕಂಡಕ್ಟರು. ಆಮೇಲೆ ಬಗ್ಗಿ ನನ್ನ ಕಾಲ ಬಳಿ ನೋಡಿದರು. "ಓಹೋ, ಕಷಾಯ ಚೀಲದಲ್ಲೇ ಉಂಟಾ? ಚೆಲ್ತಾ ಉಂಟಲ್ಲ!"

ಒದ್ದೆ ಪಂಚೆಯಲ್ಲಿ ಮನೆ ತಲುಪಿದೆ.

"ಇದು ಎಂತ?" ಎಂದಳು ಸರಸ್ವತಿ.

"ನಾಯಿಮರಿ."

"ಅದು ಕಾಣ್ತದೆ. ನೋಡಿಕೊಳ್ಳುವುದು ಯಾರು?"

"ನಾನೇ! ವೈಜ್ಞಾನಿಕವಾಗಿ ಸಾಕುತ್ತೇನೆ."

ಅವಳು ಗೋಡೆಯ ಗಡಿಯಾರದ ಕಡೆ ನೋಡಿದಳು. ಅದನ್ನು ನಾನು ಹಿಂದಿನ ವರ್ಷ ವೈಜ್ಞಾನಿಕವಾಗಿ ರಿಪೇರಿ ಮಾಡಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾವಾಗಲೂ ಹತ್ತೂ ಕಾಲು ಗಂಟೆ.

ಮರಿಗೆ ನಾನು ವಿಕ್ರಮ ಎಂದು ಹೆಸರಿಟ್ಟೆ. "ವಿಕ್ರಮಾ, ಇತ್ತ ಬಾ! ಕುಳಿತುಕೋ!" ಎಂದು ಸ್ವಚ್ಛ ಕನ್ನಡದಲ್ಲಿ ಆಜ್ಞಾಪಿಸಿದೆ. ವಿಕ್ರಮ ನನ್ನ ಕೊಡೆಯ ಹಿಡಿಯನ್ನು ಅಗಿಯುತ್ತಲೇ ಇದ್ದ. ಅಡುಗೆಮನೆಯಿಂದ ಸರಸ್ವತಿ, "ಬೊಗ್ಗೂ, ಬಲ!" ಎಂದು ತುಳುವಿನಲ್ಲಿ ಒಮ್ಮೆ ಕರೆದದ್ದೇ ತಡ, ಬಾಲ ಅಲ್ಲಾಡಿಸುತ್ತ ಓಡಿದ. ನನ್ನ ವಿಕ್ರಮ ಅರ್ಧ ದಿನದೊಳಗೆ ಬೊಗ್ಗು ಆಗಿಬಿಟ್ಟ.

ಮೂರನೆಯ ದಿನ ಅವನ ಮೈಮೇಲೆ ಚಿಗಟ ಕಂಡಿತು. ಶುಚಿತ್ವದ ಪಾಠ ಮಾಡುವವನ ಮನೆಯಲ್ಲಿ ಚಿಗಟವೇ? ತಕ್ಷಣ ಸ್ನಾನಕ್ಕೆ ಏರ್ಪಾಡು ಮಾಡಿದೆ. "ಅಷ್ಟು ಸಣ್ಣ ಮರಿಗೆ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರಸಿದರೆ ಸಾಕು" ಎಂದಳು ಸರಸ್ವತಿ. ಚಿಗಟದ ಬಗ್ಗೆ ವಿಜ್ಞಾನ ಓದಿದವನು ನಾನೋ, ಅವಳೋ?

ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಬಚ್ಚಲಿಗಿಳಿದೆ. ಬಟ್ಟೆ ಸೋಪನ್ನು ಅವನ ಬಾಲದಿಂದ ಮೂತಿಯವರೆಗೆ ಧಾರಾಳವಾಗಿ ತಿಕ್ಕಿದೆ. ಸ್ವಲ್ಪ ಹೊತ್ತಿನಲ್ಲಿ ನಾಯಿಯೇ ಕಾಣಿಸದಾಯಿತು. ಬರೀ ನೊರೆಯ ಮುದ್ದೆ, ಅದರಲ್ಲಿ ಎರಡು ಕಣ್ಣು. ಆ ಮುದ್ದೆ ನನ್ನ ಬೆರಳನ್ನು ಕಚ್ಚಿತು. "ಅಯ್ಯೋ!" ಎಂದು ಕೈ ಬಿಟ್ಟೆ. ಜಾರಿ ಬಿದ್ದೆ. ಬಾಗಿಲು ಹಾಕಿರಲಿಲ್ಲ!

ವಿಕ್ರಮ ಬೇಲಿ ನುಗ್ಗಿ ನೇರವಾಗಿ ಪಕ್ಕದ ಮನೆಯ ದೇವಕಿಯಕ್ಕನ ಅಂಗಳಕ್ಕೆ ಹೋದ. ಅಲ್ಲಿ ಮೂರು ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಇಡೀ ಬೆಳಿಗ್ಗೆ ಅವರು ಸೊಂಟ ಬಗ್ಗಿಸಿ ಒತ್ತಿದ ಹಪ್ಪಳ. ವಿಕ್ರಮ ಮೊದಲನೆಯ ಚಾಪೆಯನ್ನು ಉದ್ದಕ್ಕೆ ದಾಟಿದ, ಎರಡನೆಯದನ್ನು ಅಡ್ಡಕ್ಕೆ. ಅವನನ್ನು ಹಿಡಿಯಲು ಹಾರಿದ ನಾನು ಮೂರನೆಯದನ್ನು ಸಂಪೂರ್ಣ ಮುಗಿಸಿದೆ!

"ಮಾಷ್ಟ್ರೇ, ನೀವೂ ಒಣಗಲಿಕ್ಕೆ ಮಲಗಿದ್ದಾ?" ಎಂದು ದೇವಕಿಯಕ್ಕ ಕಿರುಚಿದರು.

ನಾನು ಎದ್ದು ನೋಡುವಷ್ಟರಲ್ಲಿ ವಿಕ್ರಮ ಬೀದಿಗೆ ಇಳಿದಿದ್ದ. ಅಲ್ಲಿ ನನ್ನ ಶಾಲೆಯ ಮಕ್ಕಳು ಆಡುತ್ತಿದ್ದರು. ರಜೆಗೆ ಮೊದಲು ನಾನು ಅವರಿಗೆ ಹುಚ್ಚು ನಾಯಿಯ ಲಕ್ಷಣಗಳನ್ನು ಬೋರ್ಡಿನಲ್ಲಿ ಚಿತ್ರ ಬರೆದು ಕಲಿಸಿದ್ದೆ. ಎಂಟನೆಯ ಕ್ಲಾಸಿನ ಲೂಸಿ, ಯಾವ ಪ್ರಶ್ನೆಗೂ ಬಾಯಿ ಬಿಡದ ಹುಡುಗಿ, ಆ ಹೊತ್ತಿನಲ್ಲಿ ಬಾಯಿ ಬಿಟ್ಟಳು.

"ಬಾಯಲ್ಲಿ ನೊರೆ! ಗೊತ್ತುಗುರಿ ಇಲ್ಲದ ಓಟ! ಹುಚ್ಚು ನಾಯಿ, ಓಡಿ!"

ನನ್ನ ಪಾಠ ಒಬ್ಬರಿಗಾದರೂ ಪೂರ್ತಿ ಅರ್ಥವಾಗಿತ್ತೆಂದು ಅಂದೇ ನನಗೆ ತಿಳಿದದ್ದು.

ಅಂಗಡಿಗಳ ಹಲಗೆ ಬಾಗಿಲುಗಳು ದಡದಡನೆ ಮುಚ್ಚಿದವು. "ಹುಚ್ಚಲ್ಲ, ಸೋಪು! ಸೋಪು!" ಎಂದು ಕೂಗುತ್ತ ಓಡಿದೆ. ನನ್ನ ಮುಖದಲ್ಲೂ ನೊರೆ, ಎದೆಗೆ ಹಪ್ಪಳದ ಹಿಟ್ಟು, ಬೆರಳಲ್ಲಿ ರಕ್ತ. ಕಟ್ಟಿಗೆ ಹಿಡಿದು ಬಂದವರು ನಾಯಿಯನ್ನು ಬಿಟ್ಟು ನನ್ನನ್ನು ನೋಡಿ ಹಿಂದೆ ಸರಿದರು. "ಮಾಷ್ಟ್ರಿಗೂ ಹತ್ತಿಕೊಂಡಿದೆ!" ಎಂದರು ಯಾರೋ.

ಕೊನೆಗೆ ಸರಸ್ವತಿ ಬೀದಿಗೆ ಬಂದು "ಬೊಗ್ಗೂ, ಬಲ" ಎಂದಳು. ಅವನು ಹೋಗಿ ಅವಳ ಸೆರಗಿನೊಳಗೆ ಸೇರಿದ. ನಾಲ್ಕು ಜನ ಸೇರಿ ನನ್ನನ್ನು ಡಾಕ್ಟರ ಬಳಿಗೆ ನಡೆಸಿಕೊಂಡು ಹೋದರು. ಯಾರೂ ಮುಟ್ಟಲಿಲ್ಲ; ಎಲ್ಲರೂ ಒಂದು ಮಾರು ದೂರ!

ಡಾಕ್ಟರು ಬೆರಳು ನೋಡಿದರು, ತೊಳೆದರು, ಸರಸ್ವತಿ ಎತ್ತಿ ತಂದಿದ್ದ ಮರಿಯನ್ನೂ ನೋಡಿದರು. "ನಾಯಿ ಸರಿ ಇರುವ ಹಾಗೆ ಕಾಣ್ತದೆ. ಆದರೆ ಹಲ್ಲು ತಾಗಿದೆ. ಹತ್ತು ದಿನ ಅದನ್ನು ಕಟ್ಟಿ ಹಾಕಿ ನೋಡುವ. ಚೆನ್ನಾಗಿದ್ದರೆ ಏನೂ ಬೇಡ."

"ಇಲ್ಲದಿದ್ದರೆ?"

"ಸತ್ತರೆ, ಇಲ್ಲ ಕಾಣೆಯಾದರೆ, ನಿಮ್ಮ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ."

ಆ ಕ್ಷಣದಿಂದ ನಾನು ವಿಕ್ರಮನ ಆಳಾದೆ. ಅವನು ಸೀನಿದರೆ ನನಗೆ ಜ್ವರ ಬರುತ್ತಿತ್ತು. ಗಂಜಿಯನ್ನು ಊದಿ ಆರಿಸಿ ತಿನ್ನಿಸಿದೆ. ಅವನು ನೀರು ಕುಡಿದಾಗಲೆಲ್ಲ, "ಕುಡಿದ! ಕುಡಿದ! ನೀರಿಗೆ ಹೆದರಲಿಲ್ಲ!" ಎಂದು ಸರಸ್ವತಿಗೆ ವರದಿ ಒಪ್ಪಿಸಿದೆ. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ತುತ್ತು ಎತ್ತಿದರೆ ಸಾಕು, ಹೊಟ್ಟೆ ಸೂಜಿಗಳನ್ನು ಎಣಿಸುತ್ತಿತ್ತು.

ಕಟ್ಟಿ ಹಾಕಿದ ಆರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಬರೀ ಹಗ್ಗ. ತುದಿ ಅಗಿದು ಹೋಗಿದೆ. ವಿಕ್ರಮನಿಲ್ಲ!

ಬಸ್ಸು ನಿಲ್ಲುವಲ್ಲಿ ಹುಡುಕಿದೆ, ಕೆರೆಯ ದಂಡೆಯಲ್ಲಿ ಹುಡುಕಿದೆ, ವೇಣೂರು ರಸ್ತೆಯಲ್ಲಿ ಒಂದು ಮೈಲಿ ಓಡಿದೆ. "ವಿಕ್ರಮಾ!" ಎಂದರೆ ಯಾರೂ ತಿರುಗಿ ನೋಡಲಿಲ್ಲ. ಕನ್ನಡದ ಅಭಿಮಾನ ಬದಿಗಿಟ್ಟು, "ಬೊಗ್ಗೂ, ಬಲಾ! ಬೊಗ್ಗೂ!" ಎಂದು ಅಳುವ ದನಿಯಲ್ಲಿ ಕೂಗಿದೆ. ಊರಿನ ಬೇರೆ ನಾಲ್ಕು ನಾಯಿಗಳು ಬಂದವು. ಅವುಗಳ ಮೆರವಣಿಗೆಯೊಂದಿಗೆ ಮನೆಗೆ ಮರಳಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯಲ್ಲಿ ಕುಳಿತೆ.

ಆಗ ಬೇಲಿಯಾಚೆ "ಕರಕರ" ಎಂಬ ಸದ್ದು. ಇಣುಕಿದರೆ, ದೇವಕಿಯಕ್ಕನ ಜಗಲಿಯಲ್ಲಿ ವಿಕ್ರಮ ಹಪ್ಪಳ ತಿನ್ನುತ್ತಿದ್ದಾನೆ! ಅವರು ಒಂದೊಂದಾಗಿ ಮುರಿದು ಕೊಡುತ್ತಿದ್ದಾರೆ.

"ದೇವಕಿಯಕ್ಕಾ! ಇವನು ಇಲ್ಲಿದ್ದಾನಾ?"

"ಮತ್ತೆ? ನಾಯಿ ತುಳಿದ ಹಪ್ಪಳ ನಾವು ತಿನ್ನಲಿಕ್ಕೆ ಆಗ್ತದಾ? ಅದಕ್ಕೇ ಸುಟ್ಟು ಇವನಿಗೆ ಹಾಕ್ತಾ ಇದ್ದೇನೆ. ಎರಡು ಚಾಪೆಯದ್ದು ಇವನದ್ದು." ಇನ್ನೊಂದು ಹಪ್ಪಳ ಮುರಿಯುತ್ತ ಹೇಳಿದರು, "ಮೂರನೆಯದ್ದು ಒಳಗೆ ಡಬ್ಬಿಯಲ್ಲಿ ಉಂಟು. ಅದು ನಿಮ್ಮದು. ಕೊಂಡು ಹೋಗಿ."

ಡಬ್ಬಿ ತಂದೆ. ವಿಕ್ರಮನನ್ನೂ ತಂದೆ.

ಹತ್ತನೆಯ ದಿನ ಡಾಕ್ಟರು ಮನೆಗೇ ಬಂದರು. ವಿಕ್ರಮನ ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ದುಂಡಗಾಗಿದ್ದ ಅವನು ಅವರ ಕೈ ನೆಕ್ಕಿದ.

"ಫಸ್ಟ್ ಕ್ಲಾಸ್ ಉಂಟು ಇವನು. ಸೂಜಿ ಬೇಡ" ಎಂದರು.

ನನಗೆ ಕುಣಿಯಬೇಕೆನಿಸಿತು. ಎದ್ದು ನಿಂತವನು ತಲೆ ಸುತ್ತಿ ಕಂಬ ಹಿಡಿದೆ. ಡಾಕ್ಟರು ಆಗ ನನ್ನ ಕಡೆ ತಿರುಗಿದರು. ನಾಲಿಗೆ ಚಾಚಲು ಹೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಅಮ್ಮಾ, ನಾಯಿಗೆ ಏನೂ ಇಲ್ಲ. ಇನ್ನು ಹತ್ತು ದಿನ ಇವರ ಮೇಲೆ ಕಣ್ಣಿಡಬೇಕು."

"ಕಟ್ಟಿ ಹಾಕಬೇಕಾ, ಡಾಕ್ಟ್ರೇ?" ಎಂದು ಕೇಳಿದಳು ಸರಸ್ವತಿ.

ಡಾಕ್ಟರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದರು.

"ಬೇಡಮ್ಮ. ಓಡಿ ಹೋಗುವಷ್ಟು ಶಕ್ತಿ ಇವರಲ್ಲಿ ಇಲ್ಲ."